ಮರವೇರುವ ಮುನ್ನವೇ ಇಳಿಯುವ ದಾರಿಯನ್ನು ಆರಿಸಿಕೊಳ್ಳುವುದು

ಜಿಂಕೆ ಬೇಟೆಯ ಬಗ್ಗೆ ಮಾತನಾಡುವವರು ಯಾವ ಮರವನ್ನು ಹತ್ತಬೇಕು, ಎಷ್ಟು ಎತ್ತರದಲ್ಲಿ ಕೂರಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿರಬೇಕು ಎಂಬುದನ್ನೆಲ್ಲ ವಿವರವಾಗಿ ಹೇಳುತ್ತಾರೆ. ಹತ್ತಿದವರು ಇಳಿಯುವುದು ಹೇಗೆ ಎಂಬ ವಿಷಯ ಮಾತ್ರ ಕೊನೆಯಲ್ಲಿ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಇಂದು ನಾನು ಆ ಒಂದು ವಿಷಯವನ್ನು ಮಾತ್ರ ಎತ್ತಿಕೊಂಡಿದ್ದೇನೆ. ಮಿಷಿಗನ್‌ನಲ್ಲಿ ನೆಲೆಸಿರುವ ನಿಮ್ಮಲ್ಲಿ ಕೆಲವರು ಇತ್ತೀಚೆಗೆ ಬಿಲ್ಲು ಹಿಡಿದವರು. 1960ರ ಜನವರಿ 1ರಂದು ಅಥವಾ ಆ ನಂತರ ಹುಟ್ಟಿದವರೆಲ್ಲ ಇಲ್ಲಿ ಬೇಟೆಯ ಸುರಕ್ಷತೆಯ ತರಬೇತಿ ಪಡೆಯಬೇಕಾದ್ದರಿಂದ ಆಯುಧವನ್ನು ಹೇಗೆ ಹಿಡಿಯಬೇಕೆಂಬುದು ನಿಮಗೆ ಗೊತ್ತೇ ಇದೆ. ಮರದಿಂದ ಇಳಿಯುವುದನ್ನು ಮಾತ್ರ ಬಹಳ ಮಂದಿ ತಮಗೆ ತಾವೇ ಕಲಿಯುತ್ತಾರೆ, ಅದೂ ಕತ್ತಲೆಯಲ್ಲಿ.

ಕತ್ತಲೆಯಲ್ಲಿ ಎಂದು ನಾನು ಹೇಳಿದ್ದಕ್ಕೆ ಕಾರಣವಿದೆ. ಈ ರಾಜ್ಯದಲ್ಲಿ ಬಿಲ್ಲಿನ ಬೇಟೆಯ ಮೊದಲ ಹಂತ ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ, ಕೋವಿಯ ಬೇಟೆ ನವೆಂಬರ್ 15ರಿಂದ 30ರವರೆಗೆ ನಡೆಯುತ್ತದೆ. ಸೂರ್ಯ ಮುಳುಗಿದ ಅರ್ಧ ಗಂಟೆಯವರೆಗೂ ಗುರಿಯಿಡಲು ಕಾನೂನಿನ ಅವಕಾಶವಿದೆ, ಮತ್ತು ಬಿಳಿಬಾಲದ ಜಿಂಕೆ ಹೆಚ್ಚಾಗಿ ಹೊರಬರುವುದು ಆ ಹೊತ್ತಿನಲ್ಲೇ. ಆದ್ದರಿಂದ ಸಂಜೆಯ ಬೇಟೆಗೆ ಕೂತವನು ಕೊನೆಯ ನಿಮಿಷದವರೆಗೆ ಕಾಯುತ್ತಾನೆ, ಆಮೇಲೆ ಇಳಿಯುತ್ತಾನೆ. ನವೆಂಬರ್ ನಡುವಿನಲ್ಲಿ ಐದೂ ಕಾಲಿನ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆರು ಗಂಟೆಗೆ ಕಾಡಿನೊಳಗೆ ನಿಮ್ಮ ಕಾಲಿನ ಕೆಳಗಿರುವ ಮೆಟ್ಟಿಲು ಕಾಣುವುದಿಲ್ಲ. ಮಧ್ಯಾಹ್ನದ ಬೆಳಕಿನಲ್ಲಿ, ಬೆಚ್ಚಗಿನ ಮೈಯಲ್ಲಿ, ಲವಲವಿಕೆಯಿಂದ ಹತ್ತಿದ ಅದೇ ಮರವನ್ನು ನೀವು ಇಳಿಯುವ ಹೊತ್ತಿಗೆ ನಾಲ್ಕು ಗಂಟೆ ಅಲುಗಾಡದೆ ಕೂತು ಮೊಣಕಾಲು ಹಿಡಿದುಕೊಂಡಿರುತ್ತದೆ, ಬೆರಳಿಗೆ ಸ್ಪರ್ಶವೇ ತಿಳಿಯುವುದಿಲ್ಲ, ಲೋಹದ ಮೆಟ್ಟಿಲ ಮೇಲೆ ಇಬ್ಬನಿ ಹೆಪ್ಪುಗಟ್ಟಲು ತೊಡಗಿರುತ್ತದೆ. ಹತ್ತಿದವನು ಮತ್ತು ಇಳಿಯುವವನು ಒಬ್ಬನೇ ಎಂದು ಲೆಕ್ಕ ಹಾಕುವುದರಿಂದಲೇ ಅನೇಕ ಅಪಘಾತಗಳು ಆಗುತ್ತವೆ.

ನಮ್ಮ ಮಲೆನಾಡಿನಲ್ಲಿ ಹಿಂದೆ ಮರಸು ಕೂರುತ್ತಿದ್ದರು. ಹಂದಿಯೋ ಕಡವೆಯೋ ಬರುವ ದಾರಿಯ ಮೇಲೆ ಮರದಲ್ಲಿ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಕಾಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಲ್ಲಿ ಆ ಬೇಟೆ ನಿಂತಿತು, ನಿಲ್ಲಬೇಕಾದದ್ದೂ ಹೌದು. ಮರಸು ಕೂತವರಿಗೆ ಒಂದು ಅನುಕೂಲವಿತ್ತು: ಬಹುಮಟ್ಟಿಗೆ ಅವರು ಬೆಳಗಾಗುವವರೆಗೆ ಕೆಳಗಿಳಿಯುತ್ತಿರಲಿಲ್ಲ. ಇಲ್ಲಿ ಪರವಾನಗಿ ಪಡೆದು ಕೂರುವ ನಮಗೆ ರಾತ್ರಿ ಅಲ್ಲೇ ಉಳಿಯುವ ಆಯ್ಕೆಯಿಲ್ಲ. ಮರುದಿನ ಕೆಲಸವಿರುತ್ತದೆ, ಮನೆಯಲ್ಲಿ ಕಾಯುವವರಿರುತ್ತಾರೆ, ಆತುರವೂ ಇರುತ್ತದೆ.

ಎತ್ತರದ ಲೆಕ್ಕವನ್ನು ಒಮ್ಮೆ ಸ್ಪಷ್ಟವಾಗಿ ನೋಡೋಣ. ಇಲ್ಲಿನ ಬೇಟೆಗಾರರು ಸಾಮಾನ್ಯವಾಗಿ 15ರಿಂದ 25 ಅಡಿ ಎತ್ತರದಲ್ಲಿ ಕೂರುತ್ತಾರೆ. 20 ಅಡಿಯಿಂದ ಜಾರಿದವನು ನೆಲ ಮುಟ್ಟಲು ಬೇಕಾಗುವುದು ಸುಮಾರು 1.1 ಸೆಕೆಂಡು, ಆಗ ಅವನ ವೇಗ ಗಂಟೆಗೆ ಸುಮಾರು 39 ಕಿಲೋಮೀಟರ್. ಕೈ ಚಾಚಿ ಕೊಂಬೆ ಹಿಡಿಯುತ್ತೇನೆ ಎಂದು ಯೋಚಿಸುವಷ್ಟು ಸಮಯ ಅದರಲ್ಲಿಲ್ಲ. ಅಟ್ಟಣೆಯ ಮೇಲೆ ಕೂತಿರುವಾಗ ಬೆಲ್ಟು ಬಿಗಿದುಕೊಂಡು, ಇಳಿಯುವಾಗ ಅದನ್ನು ಬಿಚ್ಚಿ ಚೀಲಕ್ಕೆ ತುರುಕಿ, ಬರಿಗೈಯಲ್ಲಿ ಇಳಿಯುವವರನ್ನು ನಾನು ಇಂದಿಗೂ ನೋಡುತ್ತೇನೆ. ಬೀಳುವುದು ಹೆಚ್ಚಾಗಿ ಹತ್ತುವಾಗ, ಇಳಿಯುವಾಗ, ಅಟ್ಟಣೆಗೆ ಕಾಲಿಡುವಾಗ ಮತ್ತು ಅಲ್ಲಿಂದ ಕಾಲು ತೆಗೆಯುವಾಗ. ಸುಮ್ಮನೆ ಕೂತವನು ಬೀಳುವುದು ಅಪರೂಪ. ಹಾಗಿರುವಾಗ ಕೂತಿರುವ ಹೊತ್ತಿಗೆ ಮಾತ್ರ ಹಗ್ಗ ಕಟ್ಟಿಕೊಳ್ಳುವುದು ಮಳೆ ನಿಂತ ಮೇಲೆ ಕೊಡೆ ಬಿಚ್ಚಿದ ಹಾಗೆ.

ಇಳಿಯುವ ದಾರಿಯ ಆಯ್ಕೆ ಮರದ ಆಯ್ಕೆಯಿಂದಲೇ ಶುರುವಾಗುತ್ತದೆ. 2002ರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಮೊದಲ ಬಾರಿಗೆ ಪತ್ತೆಯಾದ ಹಸಿರು ಜೀರುಂಡೆಯೊಂದು ಈ ರಾಜ್ಯದ ಆ್ಯಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ. ಸತ್ತ ಆ್ಯಶ್ ಮರ ನೋಡಲು ನೆಟ್ಟಗೆ, ಗಟ್ಟಿಯಾಗಿಯೇ ನಿಂತಿರುತ್ತದೆ. ಎಲೆ ಉದುರಿದ ನವೆಂಬರ್‌ನಲ್ಲಿ ಬದುಕಿರುವ ಮರಕ್ಕೂ ಅದಕ್ಕೂ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ. ಆದರೆ ಅದರ ಕಟ್ಟಿಗೆ ಪೆಡಸಾಗಿ, ಭಾರ ಬಿದ್ದಾಗ ಮುರಿದುಬೀಳುತ್ತದೆ. ತೊಗಟೆ ಉದುರಿ ಒಳಗೆ ಹಾವು ಹರಿದಂತಹ ಕೊರೆದ ಗೆರೆಗಳು ಕಂಡರೆ ಆ ಮರದ ಹತ್ತಿರವೂ ಕೂರಬೇಡಿ, ಪಕ್ಕದ ಮರ ಹತ್ತಿದರೂ ಅದು ನಿಮ್ಮ ಮೇಲೆ ಬೀಳಬಹುದು. ಇನ್ನು ಶ್ಯಾಗ್‌ಬಾರ್ಕ್ ಹಿಕರಿ. ಅದರ ತೊಗಟೆ ಉದ್ದುದ್ದ ಪಟ್ಟಿಗಳಾಗಿ ಎದ್ದು ನಿಂತಿರುತ್ತದೆ. ನೀವು ಬಿಗಿದ ಪಟ್ಟಿ ಮರವನ್ನು ಹಿಡಿಯದೆ ಆ ಸಡಿಲ ತೊಗಟೆಯನ್ನು ಹಿಡಿದಿರುತ್ತದೆ, ಮತ್ತು ಕೆಳಗಿನಿಂದ ಎಳೆದುಕೊಳ್ಳಬೇಕಾದ ಹಗ್ಗ ಆ ಪಟ್ಟಿಗಳ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಯವಾದ ತೊಗಟೆಯ ಬೀಚ್ ಮರ ಮಳೆಯಲ್ಲಿ ನೆನೆದಾಗ ಬೂಟಿನ ತುದಿಗೆ ಆಧಾರವನ್ನೇ ಕೊಡುವುದಿಲ್ಲ. ಇಷ್ಟನ್ನು ನೆಲದ ಮೇಲೆ ನಿಂತು ನೋಡಿಕೊಳ್ಳಬೇಕು. ಮೇಲೆ ಹೋದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಇಳಿಯುವ ವಿಧಾನಗಳಲ್ಲಿ ಏಣಿ ಅಟ್ಟಣೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮರಕ್ಕೆ ಮುಖ ಮಾಡಿ, ಪಕ್ಕದ ಕಂಬಿಗಳನ್ನು ಬಿಟ್ಟು ಅಡ್ಡ ಮೆಟ್ಟಿಲುಗಳನ್ನೇ ಹಿಡಿದು ಇಳಿಯಿರಿ. ವರ್ಷಪೂರ್ತಿ ಮರದಲ್ಲೇ ಬಿಟ್ಟ ಏಣಿಯ ಪಟ್ಟಿಗಳನ್ನು ಬಿಸಿಲು ಸುಡುತ್ತದೆ, ಅಳಿಲು ಕಡಿಯುತ್ತದೆ, ಮರ ದಪ್ಪವಾಗುತ್ತಾ ಒಳಗಿನಿಂದ ಹರಿಯುತ್ತದೆ. ಪ್ರತಿ ಹಂಗಾಮಿಗೂ ಅವುಗಳನ್ನು ಬದಲಾಯಿಸಿ. ಹೊಸಬರಿಗೆ ಮತ್ತು ಮೊಣಕಾಲು ನೋವಿರುವ ಹಿರಿಯರಿಗೆ ನಾನು ಹೇಳುವುದು ಇದನ್ನೇ.

ತೂಗುಹಾಕುವ ಅಟ್ಟಣೆ ಮತ್ತು ತುಂಡು ತುಂಡು ಏಣಿ, ಅಂದರೆ ಇಲ್ಲಿ ಎಲ್ಲರೂ ಕ್ಲೈಂಬಿಂಗ್ ಸ್ಟಿಕ್ ಎನ್ನುವುದು, ಇವೆರಡರ ಜೋಡಿಯಲ್ಲಿ ಒಂದು ಜಾಗವನ್ನು ನಾನು ಹತ್ತಿರದಿಂದ ತೋರಿಸಬೇಕು. ಅಟ್ಟಣೆಯಿಂದ ಮೊದಲ ಮೆಟ್ಟಿಲಿಗೆ ಕಾಲಿಡುವ ಆ ಒಂದು ಹೆಜ್ಜೆ. ಹತ್ತುವಾಗ ನೀವು ಮುಂದೆ ನೋಡುತ್ತಾ, ಕೈ ಮೇಲಿಟ್ಟು, ಅಟ್ಟಣೆಯ ಮೇಲೆ ಕಾಲಿಟ್ಟಿರುತ್ತೀರಿ. ಇಳಿಯುವಾಗ ಅದೇ ಹೆಜ್ಜೆಯನ್ನು ಹಿಂದಕ್ಕೆ, ಪಕ್ಕಕ್ಕೆ, ಕಾಣದ ಮೆಟ್ಟಿಲನ್ನು ಬೂಟಿನ ತುದಿಯಿಂದ ತಡಕುತ್ತಾ ಇಡುತ್ತೀರಿ. ಕೊನೆಯ ಸ್ಟಿಕ್ ಅಟ್ಟಣೆಯ ಮಟ್ಟದಲ್ಲೇ ಮುಗಿದಿದ್ದರೆ ಆ ಕ್ಷಣ ನಿಮ್ಮ ಕೈಗೆ ಹಿಡಿಯಲು ಏನೂ ಇರುವುದಿಲ್ಲ. ಬಗ್ಗಿ, ಅಟ್ಟಣೆಯ ಅಂಚನ್ನು ಹಿಡಿದು, ಒಂದು ಕಾಲಿನ ಮೇಲೆ ಇಡೀ ಭಾರ ಬಿಟ್ಟಿರುತ್ತೀರಿ. ಅದಕ್ಕಾಗಿ ಮೇಲಿನ ಸ್ಟಿಕ್ ಅನ್ನು ಅಟ್ಟಣೆಗಿಂತ ಸುಮಾರು ಮೂರು ಅಡಿ ಎತ್ತರಕ್ಕೆ ಹೋಗುವಂತೆ ಕಟ್ಟಬೇಕು. ಹತ್ತುವಾಗ ಅಟ್ಟಣೆಗಿಂತ ಮೇಲೆ ಹೋಗಿ ಅದರ ಮೇಲಕ್ಕೆ ಇಳಿಯಬೇಕು, ಹೊರಡುವಾಗ ಎದೆಯ ಮಟ್ಟದಲ್ಲಿ ಹಿಡಿಕೆಯಿರುವ ಸ್ಟಿಕ್‌ಗೆ ನೇರವಾಗಿ ದಾಟಬೇಕು. ಒಂದು ಸ್ಟಿಕ್ ಹೆಚ್ಚು ಹೊರಬೇಕಾಗುತ್ತದೆ, ಅದರ ತೂಕ ಹೆಚ್ಚಾಯಿತೆಂದು ಅದನ್ನು ಕಾರಿನಲ್ಲಿ ಬಿಟ್ಟು ಹೋಗುವವರಿಗೆ ನಾನು ಹೇಳುವುದಿಷ್ಟೆ: ಆ ಹೆಚ್ಚಿನ ಸ್ಟಿಕ್ ಅನ್ನು ನೀವು ಹತ್ತುವುದಕ್ಕೆಂದು ಒಯ್ಯುತ್ತಿಲ್ಲ, ಇಳಿಯುವುದಕ್ಕೆಂದು ಒಯ್ಯುತ್ತಿದ್ದೀರಿ.

ಈ ದಾಟುವಿಕೆಯ ಹೊತ್ತಿನಲ್ಲಿ ಹಗ್ಗದ ಸಂಪರ್ಕ ತಪ್ಪಬಾರದು. ಲೈಫ್‌ಲೈನ್ ಎಂಬ ಹಗ್ಗ ಅಟ್ಟಣೆಯ ಮೇಲ್ಭಾಗದಿಂದ ನೆಲದವರೆಗೆ ಇಳಿಬಿದ್ದಿರುತ್ತದೆ. ಅದರ ಮೇಲೆ ಪ್ರೂಸಿಕ್ ಗಂಟಿನ ಕುಣಿಕೆಯೊಂದು ಜಾರುತ್ತದೆ. ಕೈಯಿಂದ ಸರಿಸಿದರೆ ಸರಿಯುತ್ತದೆ, ಹಠಾತ್ತನೆ ಭಾರ ಬಿದ್ದರೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಪ್ರಕಟಿಸಿದರು, ಇಂದು ನಾವು ಮರದ ಮೇಲೆ ಬಳಸುವ ಹತ್ತಾರು ಹಿಡಿತದ ಗಂಟುಗಳು ಅದರದೇ ಮನೆತನದವು. ನೆಲದಲ್ಲೇ ಹಾರ್ನೆಸ್‌ಗೆ, ಅಂದರೆ ಮೈಗೆ ಬಿಗಿದುಕೊಳ್ಳುವ ಸುರಕ್ಷತೆಯ ಪಟ್ಟಿಗಳಿಗೆ, ಆ ಕುಣಿಕೆಯ ಕ್ಯಾರಬಿನರ್ ಎಂಬ ಲೋಹದ ಕೊಂಡಿಯನ್ನು ಸಿಕ್ಕಿಸಿಕೊಂಡವರು ಮತ್ತೆ ನೆಲ ಮುಟ್ಟುವವರೆಗೆ ಅದನ್ನು ತೆಗೆಯುವ ಪ್ರಸಂಗವೇ ಬರುವುದಿಲ್ಲ. ಇಳಿಯುವಾಗ ಆ ಗಂಟು ತಲೆಗಿಂತ ಕೆಳಗೆ ಬರದಂತೆ, ಅಂದರೆ ಸಡಿಲ ಹಗ್ಗ ಉಳಿಯದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೆಲಸ. ಒಂದೇ ಅಟ್ಟಣೆಗೆ ಮತ್ತೆ ಮತ್ತೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ದಿನವೂ ಮರ ಬದಲಾಯಿಸುವವರು, ವಿಶೇಷವಾಗಿ ಸಾರ್ವಜನಿಕ ಕಾಡಿನಲ್ಲಿ ಬೇಟೆಯಾಡುವವರು, ಲೈಫ್‌ಲೈನ್ ಬದಲು ಲೈನ್‌ಮನ್ ಹಗ್ಗವನ್ನು ಬಳಸುತ್ತಾರೆ. ವಿದ್ಯುತ್ ಕಂಬ ಹತ್ತುವವರ ಹಗ್ಗದಂತೆ ಅದು ಸೊಂಟದ ಎರಡೂ ಕಡೆಯಿಂದ ಮರವನ್ನು ಸುತ್ತುತ್ತದೆ, ಎರಡೂ ಕೈಗಳನ್ನು ಬಿಡುವಾಗಿಸುತ್ತದೆ. ಅದರ ಮಿತಿಯನ್ನು ತಿಳಿದಿರಬೇಕು. ನೇರ ಬೀಳುವಿಕೆಯನ್ನು ತಡೆಯುವುದಕ್ಕೆ ಅದು ಮಾಡಿದ್ದಲ್ಲ. ಕಾಲು ಜಾರಿದರೆ ಹಗ್ಗವೂ ನಿಮ್ಮ ಜತೆ ಕಾಂಡದ ಮೇಲೆ ಜಾರಬಹುದು. ದಾರಿಯಲ್ಲಿ ಕೊಂಬೆ ಬಂದಾಗ ಅದನ್ನು ಬಿಚ್ಚಿ ಮರುಕಟ್ಟಬೇಕು, ಬಿಚ್ಚುವ ಮುನ್ನ ಎರಡನೆಯ ಹಗ್ಗವನ್ನು ಕೊಂಬೆಯ ಕೆಳಗೆ ಕಟ್ಟಿಯಾಗಿರಬೇಕು. ಹತ್ತುವಾಗ ಇದು ಯಾರಿಗೂ ಮರೆಯುವುದಿಲ್ಲ. ಇಳಿಯುವಾಗ ಬೆರಳು ಸೆಟೆದುಕೊಂಡು, ಕೆಳಗೆ ಕಾರು ಕಾಯುತ್ತಿರುವಾಗ, ಒಂದು ಕೊಂಬೆಗಷ್ಟೇ ತಾನೇ ಎಂದು ಕಟ್ಟದೆ ದಾಟುವ ಮನಸ್ಸಾಗುತ್ತದೆ.

ಎರಡು ಭಾಗಗಳ ಕ್ಲೈಂಬರ್ ಅಟ್ಟಣೆಯನ್ನು ಬಳಸುವವರು ಕೊಂಬೆಯಿಲ್ಲದ ನೇರ ಮರವನ್ನೇ ಆರಿಸುತ್ತಾರಷ್ಟೆ. ಕೂತು ಕಾಲಿನಿಂದ ಕೆಳಭಾಗವನ್ನು ಸರಿಸಿ, ನಿಂತು ಕೈಯಿಂದ ಮೇಲ್ಭಾಗವನ್ನು ಸರಿಸಿ ಇಳಿಯುವ ಆ ಲಯ ಹಗಲಿನಲ್ಲಿ ಸುಲಭ. ಕೆಳಭಾಗ ಕಾಲಿನಿಂದ ಜಾರಿ ನೆಲಕ್ಕೆ ಬಿದ್ದುಹೋಗುವುದು ಈ ಉಪಕರಣದ ಹಳೆಯ ಅಪಾಯ. ಆಗ ಮೇಲ್ಭಾಗದಲ್ಲಿ ಕಾಲು ಜೋತುಬಿಟ್ಟು ಕೂತಿರುವವನಿಗೆ ಇಳಿಯಲು ದಾರಿಯೇ ಇರುವುದಿಲ್ಲ. ಎರಡೂ ಭಾಗಗಳನ್ನು ಸೇರಿಸುವ ಹಗ್ಗವನ್ನು ಕಂಪನಿಯವರು ಕೊಟ್ಟೇ ಇರುತ್ತಾರೆ. ಅದನ್ನು ಕಟ್ಟಿಯೇ ಹತ್ತಿ, ಅಟ್ಟಣೆಗಿಂತ ಮೇಲೆ ನಿಮ್ಮದೇ ಹಾರ್ನೆಸ್ ಹಗ್ಗವನ್ನು ಮರಕ್ಕೆ ಕಟ್ಟಿ ಹಂತ ಹಂತವಾಗಿ ಜತೆಯಲ್ಲೇ ಇಳಿಸಿಕೊಳ್ಳಿ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ನಮ್ಮೂರಿನ ಕೊನೆಗೌಡರನ್ನು ನೆನೆಯಬೇಕು. ಉತ್ತರ ಕನ್ನಡ, ಶಿವಮೊಗ್ಗ ಕಡೆಯವರು ಇಲ್ಲಿದ್ದರೆ ಅಡಿಕೆ ಕೊಯ್ಲನ್ನು ನೋಡಿಯೇ ಇರುತ್ತೀರಿ. ಮರದ ತುದಿಯಲ್ಲಿರುವ ಕೊನೆಗೌಡ ಗೊನೆಯನ್ನು ಕೊಯ್ದು ಹಗ್ಗದ ಮೇಲೆ ಜಾರಿಬಿಡುತ್ತಾನೆ, ಕೆಳಗೆ ಹಗ್ಗ ಹಿಡಿದವನು ಅದನ್ನು ಬರಮಾಡಿಕೊಳ್ಳುತ್ತಾನೆ. ಗೊನೆಯನ್ನು ಹೆಗಲ ಮೇಲೆ ಹೊತ್ತು ಮರ ಇಳಿಯುವ ಕೊನೆಗೌಡನನ್ನು ಯಾರೂ ಕಂಡಿಲ್ಲ. ತಲೆಮಾರುಗಳಿಂದ ಮರವೇ ಬದುಕಾದವರು ಮನುಷ್ಯ ಇಳಿಯುವ ದಾರಿಯನ್ನೂ ಹೊರೆ ಇಳಿಯುವ ದಾರಿಯನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದಾರೆ. ಈಗ ಮರ ಹತ್ತುವವರು ಕಡಿಮೆಯಾಗಿ, ನೆಲದಿಂದಲೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗಳು ತೋಟಕ್ಕೆ ಬಂದಿವೆ. ಕೊನೆಗೌಡರ ಕೌಶಲಕ್ಕೆ ನಾವು ಕೊಡಬೇಕಾದಷ್ಟು ಗೌರವವನ್ನು ಕೊಡಲಿಲ್ಲ ಎಂದು ನನಗೆ ಅನ್ನಿಸುತ್ತದೆ, ಅವರಲ್ಲಿ ಬಿದ್ದು ಬೆನ್ನು ಮುರಿದುಕೊಂಡವರ ಕುಟುಂಬಗಳಿಗೂ.

ನಮ್ಮ ಹೊರೆಯೆಂದರೆ ಬಿಲ್ಲು, ಬತ್ತಳಿಕೆ, ಕೋವಿ, ಚೀಲ. ಇವು ಹಗ್ಗದ ಮೇಲೆ ಮೊದಲು ಇಳಿಯಬೇಕು. ಕೋವಿಯಾದರೆ ಗುಂಡು ತೆಗೆದು, ಖಾಲಿಯಾಗಿರುವುದನ್ನು ಬೆರಳಿಟ್ಟು ನೋಡಿ, ಕುದುರೆಯ, ಅಂದರೆ ಟ್ರಿಗರ್‌ನ, ಕಡೆಗೆ ಹಗ್ಗ ಬರದಂತೆ ಕಟ್ಟಿ ಇಳಿಸಬೇಕು. ಕ್ರಾಸ್‌ಬೋ ಆದರೆ ಇನ್ನೊಂದು ತೊಡಕಿದೆ: ನಾರಿ ಎಳೆದ ಸ್ಥಿತಿಯಲ್ಲೇ ಅದನ್ನು ಇಳಿಸಬಾರದು, ಬಾಣವಿಲ್ಲದೆ ನಾರಿಯನ್ನು ಬಿಟ್ಟರೆ ಬಿಲ್ಲೇ ಒಡೆಯಬಹುದು. ಆದ್ದರಿಂದ ತಯಾರಕರು ಹೇಳಿದ ವಿಧಾನದಲ್ಲಿ, ಅದಕ್ಕೆಂದೇ ಇರುವ ಬಾಣವನ್ನು ನೆಲಕ್ಕೆ ಹೊಡೆದು ನಾರಿಯನ್ನು ಸಡಿಲಿಸಿ, ಆಮೇಲೆ ಇಳಿಸಬೇಕು. ಬಾಣದ ಅಲಗುಗಳನ್ನು ಮುಚ್ಚಿರಬೇಕು. ಇಳಿಸುವ ಜಾಗವೂ ಮುಖ್ಯ. ಬಹಳ ಜನ ನೇರವಾಗಿ ಮರದ ಬುಡಕ್ಕೆ, ಅಂದರೆ ಮುಂದೆ ತಾವೇ ಇಳಿದು ಕಾಲಿಡಬೇಕಾದ ಜಾಗಕ್ಕೆ ಇಳಿಸುತ್ತಾರೆ. ಮರದ ಇನ್ನೊಂದು ಪಕ್ಕಕ್ಕೆ ಇಳಿಸಿ. ಫೋನು, ಚಾಕು, ಸೀಟಿ ಮಾತ್ರ ಮೈಮೇಲೆ ಉಳಿಯಬೇಕು. ಚೀಲದೊಳಗೆ ಕೆಳಗಿಳಿದ ಫೋನು ಮೇಲೆ ಸಿಕ್ಕಿಕೊಂಡವನಿಗೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಹಗ್ಗದ ಮೇಲೆ ಜಾರಿ ಇಳಿಯುವ ವಿಧಾನ, ರ್‍ಯಾಪೆಲ್. ಇದರ ಬಗ್ಗೆಯೇ ನಿಮ್ಮಲ್ಲಿ ಹೆಚ್ಚಿನವರು ಕೇಳಲು ಬಂದಿದ್ದೀರಿ ಎಂದು ನನಗೆ ತಿಳಿದಿದೆ. ಆಲ್ಪ್ಸ್‌ನ ಶಮೋನಿಯ ಮಾರ್ಗದರ್ಶಿ ಜಾನ್ ಶಾರ್ಲೆ-ಸ್ಟ್ರಾಟನ್ 1876ರಲ್ಲಿ ಪೆಟಿ ಡ್ರೂ ಶಿಖರವನ್ನು ಏರುವ ಪ್ರಯತ್ನದಲ್ಲಿ ಇದನ್ನು ರೂಪಿಸಿದನೆಂದು ಪರ್ವತಾರೋಹಣದ ಚರಿತ್ರೆ ಹೇಳುತ್ತದೆ. ಆ ಸಲ ಶಿಖರ ಅವನಿಗೆ ದಕ್ಕಲಿಲ್ಲ, ಇಳಿಯುವ ವಿದ್ಯೆ ದಕ್ಕಿತು. ಬೇಟೆಗಾರರ ನಡುವೆ ಇದು ಹರಡಿದ್ದು ಸ್ಯಾಡಲ್ ಬಂದ ಮೇಲೆ. ಸ್ಯಾಡಲ್ ಎಂದರೆ ಸೊಂಟ ತೊಡೆಗಳನ್ನು ಹಿಡಿದುಕೊಂಡು ಮರಕ್ಕೆ ವಾಲಿ ಕೂರಿಸುವ ಬಟ್ಟೆಯ ಆಸನ. ಅದರಲ್ಲಿ ಕೂತವನು ಮೊದಲೇ ಹಗ್ಗಕ್ಕೆ ಭಾರ ಬಿಟ್ಟಿರುತ್ತಾನೆ, ಆದ್ದರಿಂದ ಅದೇ ಆಸನದಲ್ಲಿ ಹಗ್ಗದ ಮೇಲೆ ಇಳಿಯುವುದು ಸಹಜವಾದ ಮುಂದಿನ ಹೆಜ್ಜೆ. ಒಂದೇ ಸ್ಟಿಕ್ ಅನ್ನು ಮೇಲಕ್ಕೆ ಮೇಲಕ್ಕೆ ಕಟ್ಟುತ್ತಾ ಹತ್ತುವವರಿಗಂತೂ ರ್‍ಯಾಪೆಲ್ ಇಲ್ಲದಿದ್ದರೆ ಇಳಿಯುವುದು ದೊಡ್ಡ ಶ್ರಮ.

ಇದರ ಗುಣಗಳು ನಿಜವಾದವು. ಲೋಹಕ್ಕೆ ಲೋಹ ತಾಗುವ ಸದ್ದಿಲ್ಲ. ಇಬ್ಬನಿ ಹೆಪ್ಪುಗಟ್ಟಿದ ಮೆಟ್ಟಿಲನ್ನು ನಂಬಬೇಕಾಗಿಲ್ಲ. ಜಿಂಕೆ ಇರುವ ದಿಕ್ಕಿಗೆ ಕಾಂಡವನ್ನು ಮರೆಮಾಡಿಕೊಂಡು, ಮರದ ಇನ್ನೊಂದು ಮಗ್ಗುಲಿನಿಂದ ಇಳಿಯಬಹುದು. ಒಂದೇ ನಿಮಿಷದ ಕೆಲಸ. ಆದರೆ ಸ್ಟಿಕ್ ಮೇಲೆ ತಪ್ಪಿದವನಿಗೆ ಕೈ, ಕಾಲು, ಹಗ್ಗ ಎಂದು ಮೂರು ಆಸರೆಗಳಿರುತ್ತವೆ. ರ್‍ಯಾಪೆಲ್‌ನಲ್ಲಿ ಇರುವುದು ಒಂದೇ ಹಗ್ಗ, ಒಂದೇ ಉಪಕರಣ, ನೀವೇ ಕತ್ತಲೆಯಲ್ಲಿ ಕಟ್ಟಿದ್ದು. ಆ ಕಾರಣಕ್ಕೆ ಕಟ್ಟುವ ಕ್ರಮವನ್ನು ಮುರಿಯದೆ ಪಾಲಿಸಬೇಕು, ಅದನ್ನು ಈಗ ನಿಧಾನವಾಗಿ ಹೇಳುತ್ತೇನೆ.

ನೀವು ಕೂತಿರುವ ಹಗ್ಗಕ್ಕೆ ಟೆದರ್ ಎನ್ನುತ್ತಾರೆ. ಅದನ್ನು ಮುಟ್ಟಬೇಡಿ, ಅದು ಹಾಗೇ ಇರಲಿ. ಇಳಿಯುವ ಹಗ್ಗದ ಒಂದು ತುದಿಯಲ್ಲಿ ಕುಣಿಕೆ ಅಥವಾ ಉಕ್ಕಿನ ಕೊಂಡಿ ಇರುತ್ತದೆ. ಹಗ್ಗವನ್ನು ಕಾಂಡಕ್ಕೆ ಸುತ್ತಿ ಆ ಕೊಂಡಿಯೊಳಗಿಂದ ಎಳೆದಾಗ ಅದು ಭಾರ ಬಿದ್ದಷ್ಟೂ ಮರವನ್ನು ಬಿಗಿಯುತ್ತದೆ. ಕೊಂಡಿಗೆ ತೆಳುವಾದ ಇನ್ನೊಂದು ಹಗ್ಗ ಕಟ್ಟಿರುತ್ತದೆ, ನೆಲದಿಂದ ಅದನ್ನು ಎಳೆದರೆ ಉರುಳು ಸಡಿಲವಾಗಿ ಇಡೀ ಹಗ್ಗ ಕೆಳಗೆ ಬರುತ್ತದೆ. ಕೊಂಬೆಯ ಕವಲಿನಲ್ಲಿ ಈ ಉರುಳು ಹಾಕಿದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಗ್ಗದ ಕೆಳತುದಿಯಲ್ಲಿ ಗಟ್ಟಿ ಗಂಟು ಹಾಕಿ, ಅದು ನೆಲ ಮುಟ್ಟಿದೆಯೇ ಎಂದು ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಕಣ್ಣಾರೆ ನೋಡಿ. ಹಗ್ಗ ಮುಗಿದದ್ದು ತಿಳಿಯದೆ ಅದರ ತುದಿಯಿಂದ ಜಾರಿಬೀಳುವುದು ಬಂಡೆ ಹತ್ತುವವರಲ್ಲಿ ಅನುಭವಿಗಳಿಗೂ ಆಗಿರುವ ದುರಂತ. ಒಂದು ಗಂಟು ಅದನ್ನು ತಪ್ಪಿಸುತ್ತದೆ.

ಆಮೇಲೆ ಹಗ್ಗವನ್ನು ಇಳಿಯುವ ಉಪಕರಣಕ್ಕೆ ಹಾಕಿ, ಸ್ಯಾಡಲ್‌ಗೆ ಸಿಕ್ಕಿಸಿ, ಕ್ಯಾರಬಿನರ್‌ನ ತಿರುಪು ಬಿಗಿಯಾಗಿದೆಯೇ ಎಂದು ಒತ್ತಿ ನೋಡಿ. ಎಂಟರ ಆಕಾರದ ಉಪಕರಣ ಅಗ್ಗ, ಹಗುರ, ಆದರೆ ಅದು ತಾನಾಗಿ ನಿಲ್ಲುವುದಿಲ್ಲ. ಕೆಳಗಿನ ಹಗ್ಗವನ್ನು ಹಿಡಿದ ಕೈ ಬಿಟ್ಟರೆ ಮನುಷ್ಯ ಬೀಳುತ್ತಾನೆ. ಅದರ ಕೆಳಗೆ ತೆಳುಹಗ್ಗದ ಹಿಡಿತದ ಗಂಟೊಂದನ್ನು ಹಾಕಿ ತೊಡೆಯ ಪಟ್ಟಿಗೋ ಸ್ಯಾಡಲ್‌ಗೋ ಸಿಕ್ಕಿಸಲೇಬೇಕು, ಕೈ ಬಿಟ್ಟೊಡನೆ ಅದು ಹಿಡಿಯುವಂತಿರಬೇಕು. ಪೆಟ್ಜಲ್ ಗ್ರಿಗ್ರಿಯಂಥ ಉಪಕರಣಗಳು ಭಾರ ಬಿದ್ದಾಗ ಹಗ್ಗವನ್ನು ಒಳಗೇ ಒತ್ತಿ ಹಿಡಿಯುತ್ತವೆ. ಅವುಗಳಿಗೂ ಮಿತಿಯಿದೆ: ಈಗಿನ ಗ್ರಿಗ್ರಿ 8.5ರಿಂದ 11 ಮಿಲಿಮೀಟರ್ ದಪ್ಪದ ಹಗ್ಗಕ್ಕೆಂದು ಮಾಡಿದ್ದು. ತೂಕ ಉಳಿಸಲೆಂದು 8 ಮಿಲಿಮೀಟರ್ ಹಗ್ಗ ಕೊಂಡು ಅದೇ ಉಪಕರಣಕ್ಕೆ ಹಾಕಿದರೆ ಹಿಡಿತ ತಪ್ಪಬಹುದು. ಹಗ್ಗವನ್ನೂ ಉಪಕರಣವನ್ನೂ ಬೇರೆ ಬೇರೆಯಾಗಿ ಕೊಳ್ಳಬೇಡಿ, ಜೋಡಿಯಾಗಿ ಯೋಚಿಸಿ ಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಕ್ಷಣ. ಟೆದರ್ ಇನ್ನೂ ಕಟ್ಟಿರುವಾಗಲೇ ಇಳಿಯುವ ಹಗ್ಗದ ಮೇಲೆ ಪೂರ್ತಿ ಭಾರ ಬಿಡಿ. ಟೆದರ್ ಸಡಿಲವಾಗುವುದನ್ನು ಕೈಯಿಂದ ಮುಟ್ಟಿ ತಿಳಿದುಕೊಳ್ಳಿ. ಉಪಕರಣ ನಿಮ್ಮನ್ನು ಹಿಡಿದಿದೆಯೇ? ಉಪಕರಣದ ಕೆಳಗಿನ ಹಿಡಿತದ ಗಂಟು ಬಿಗಿದಿದೆಯೇ? ಹಗ್ಗ ಸರಿಯಾದ ದಿಕ್ಕಿನಲ್ಲಿ ಹಾದಿದೆಯೇ? ಏನಾದರೂ ತಪ್ಪಿದ್ದರೆ ಅದು ಈಗ, ಟೆದರ್ ನಿಮ್ಮನ್ನು ಹಿಡಿದಿರುವಾಗಲೇ ಬಯಲಾಗುತ್ತದೆ. ಇದೆಲ್ಲ ಆದ ಮೇಲೆಯೇ ಟೆದರ್ ಬಿಚ್ಚಬೇಕು. ಚಳಿಯಲ್ಲಿ ಈ ಪರೀಕ್ಷೆಗೆ ಅರ್ಧ ನಿಮಿಷ ಹಿಡಿಯುತ್ತದೆ, ಆ ಅರ್ಧ ನಿಮಿಷವನ್ನು ಉಳಿಸಲು ಹೋಗುವ ಯಾರ ಜತೆಯೂ ನಾನು ಕಾಡಿಗೆ ಹೋಗಲಾರೆ.

ಇಷ್ಟು ಹೇಳಿದ ಮೇಲೂ, ರ್‍ಯಾಪೆಲ್ ಒಂದನ್ನೇ ನೆಚ್ಚಿಕೊಂಡು ಮರ ಹತ್ತಬೇಡಿ ಎನ್ನುತ್ತೇನೆ. ಹಗ್ಗ ಕೈಜಾರಿ ಕೆಳಗೆ ಬೀಳಬಹುದು, ಉಪಕರಣ ಎಲೆಗಳ ನಡುವೆ ಕಳೆದುಹೋಗಬಹುದು. ಆಗ ಮೇಲಿರುವವನ ಬಳಿ ಇನ್ನೊಂದು ದಾರಿಯಿರಬೇಕು: ಹತ್ತಿದ ಸ್ಟಿಕ್‌ಗಳು ಮರದಲ್ಲೇ ಇರಲಿ, ಅಥವಾ ಉಪಕರಣವಿಲ್ಲದೆ ಅಗಲ ಕ್ಯಾರಬಿನರ್ ಮೇಲೆ ಮುನ್ಟರ್ ಗಂಟು ಹಾಕಿ ಇಳಿಯುವುದನ್ನು ಕಲಿತಿರಲಿ.

ಯಾವಾಗ ಇಳಿಯಬೇಕು ಎಂಬುದೂ ಹೇಗೆ ಇಳಿಯಬೇಕು ಎಂಬುದರ ಭಾಗವೇ. ಬಾಣ ಬಿಟ್ಟ ಮರುಕ್ಷಣ ಇಳಿಯುವುದು ಎರಡು ಕಾರಣಗಳಿಗೆ ತಪ್ಪು. ಕೈಕಾಲು ನಡುಗುತ್ತಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ. ಮೆಟ್ಟಿಲು ಮರೆಯುವುದು ಆಗಲೇ. ಜಿಂಕೆಯ ದೃಷ್ಟಿಯಿಂದಲೂ ಅದು ಸರಿಯಲ್ಲ. ಶ್ವಾಸಕೋಶಕ್ಕೆ ತಾಗಿದೆ ಎಂದು ಖಚಿತವಿದ್ದರೂ ಅರ್ಧ ಗಂಟೆ ಕಾಯುವುದು ಇಲ್ಲಿನ ರೂಢಿ, ಹೊಟ್ಟೆಗೆ ತಾಗಿದ್ದರೆ ಸದ್ದಿಲ್ಲದೆ ಇಳಿದು ಹೋಗಿ 6ರಿಂದ 12 ಗಂಟೆಯ ನಂತರ ಮರಳಿ ಬರಬೇಕು. ಗದ್ದಲ ಮಾಡಿ ಇಳಿದರೆ ಹತ್ತಿರದಲ್ಲೇ ಮಲಗಿದ್ದ ಗಾಯಗೊಂಡ ಪ್ರಾಣಿ ಎದ್ದು ದೂರ ಓಡುತ್ತದೆ, ನರಳಿ ಸಾಯುತ್ತದೆ, ನಮಗೆ ಸಿಗುವುದೂ ಇಲ್ಲ. ಕೊಲ್ಲುವ ಹೊಣೆ ಹೊತ್ತವರು ಆ ಪ್ರಾಣಿಗೆ ಇಷ್ಟು ಸಲ್ಲಿಸಬೇಕು. ಬಿಲ್ಲನ್ನು ಕೊಕ್ಕೆಗೆ ತೂಗುಹಾಕಿ ಕೂತುಕೊಳ್ಳಿ. ಜಿಂಕೆ ನಿಂತಿದ್ದ ಜಾಗ, ಕೊನೆಯದಾಗಿ ಕಂಡ ಜಾಗ, ಎರಡನ್ನೂ ಯಾವುದಾದರೂ ಮರ ಅಥವಾ ಕಲ್ಲಿನ ಗುರುತಿನೊಡನೆ ಮನಸ್ಸಿಗೆ ತಂದುಕೊಳ್ಳಿ, ದಿಕ್ಸೂಚಿಯಲ್ಲಿ ದಿಕ್ಕನ್ನೂ ನೋಡಿಟ್ಟುಕೊಳ್ಳಿ. 20 ಅಡಿ ಮೇಲಿನಿಂದ ಸ್ಪಷ್ಟವಾಗಿದ್ದ ಕಾಡು ನೆಲಕ್ಕಿಳಿದೊಡನೆ ಬೇರೆಯೇ ಕಾಡಾಗುತ್ತದೆ, ಪೊದೆಗಳು ದಾರಿಯನ್ನು ಮುಚ್ಚುತ್ತವೆ. ಇದೆಲ್ಲ ಮುಗಿಯುವ ಹೊತ್ತಿಗೆ ನಡುಕವೂ ನಿಂತಿರುತ್ತದೆ.

ಹೊಡೆಯದೆ ಇಳಿಯುವ ಸಂಜೆಗಳೇ ಹೆಚ್ಚು. ಮುಂದಿನ ಹೊಲದಲ್ಲಿ ಜಿಂಕೆಗಳು ಮೇಯುತ್ತಾ ನಿಂತಿದ್ದರೆ ಅವು ಹೋಗುವವರೆಗೆ ಕಾಯಬೇಕು. ಹೊಲದ ಮಾಲೀಕರಿಗೆ ಫೋನು ಮಾಡಿ ಟ್ರ್ಯಾಕ್ಟರನ್ನೋ ಪಿಕಪ್ಪನ್ನೋ ಆ ಕಡೆ ತರಲು ಕೇಳಿಕೊಳ್ಳುವವರಿದ್ದಾರೆ, ವಾಹನಕ್ಕೆ ಬೆದರಿದ ಜಿಂಕೆ ಮರದ ಮೇಲಿನ ಮನುಷ್ಯನನ್ನು ಗುರುತಿಸುವುದಿಲ್ಲ. ಗುಡುಗು ಕೇಳಿಸಿದರೆ ಮಾತ್ರ ಯಾವ ಜಿಂಕೆಯಿದ್ದರೂ ಕೂಡಲೇ ಇಳಿಯಿರಿ. ಇಳಿಯಲು ತೊಡಗುವ ಐದು ನಿಮಿಷ ಮೊದಲು, ಹಗ್ಗ ಕಟ್ಟಿರುವಾಗಲೇ ಎದ್ದು ನಿಂತು, ಮೊಣಕಾಲು ಮಡಚಿ ಬಿಚ್ಚಿ, ಬೆರಳುಗಳನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಹೆಬ್ಬೆರಳಿನಿಂದ ಕಿರುಬೆರಳನ್ನು ಮುಟ್ಟಲು ಆಗದಿದ್ದರೆ ಆ ಕೈ ಇನ್ನೂ ಕ್ಯಾರಬಿನರ್ ತಿರುಗಿಸಲು ಸಿದ್ಧವಾಗಿಲ್ಲ.

ಹಗ್ಗ ಹಿಡಿದು ನಿಲ್ಲಿಸಿತು, ಆದರೆ ಗಾಳಿಯಲ್ಲಿ ತೂಗುತ್ತಿದ್ದೇನೆ, ಆಗೇನು ಎಂದು ಬಿಡುವಿನಲ್ಲಿ ಒಬ್ಬರು ಕೇಳಿದರು. ಬೆನ್ನಿನ ಹಿಂದೆ ಹಗ್ಗವಿರುವ ಹಾರ್ನೆಸ್‌ನಲ್ಲಿ ಸುಮ್ಮನೆ ನೇತಾಡುವುದು ಅಪಾಯಕರ. ತೊಡೆಯ ಪಟ್ಟಿಗಳು ಒತ್ತಿ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಪ್ರಜ್ಞೆ ತಪ್ಪಬಹುದು, ನಿಮಿಷಗಳಲ್ಲೇ ಪರಿಸ್ಥಿತಿ ಕೆಡುತ್ತದೆ. ಹಾರ್ನೆಸ್ ಜತೆ ಬರುವ ಚಿಕ್ಕ ಪಟ್ಟಿಯನ್ನು ಬಿಚ್ಚಿ ಕುಣಿಕೆ ಮಾಡಿ ಅದರೊಳಗೆ ಕಾಲಿಟ್ಟು ನಿಲ್ಲಬೇಕು, ಕಾಲುಗಳನ್ನು ಮರಕ್ಕೆ ಒದೆಯುತ್ತಾ ಚಲನೆಯಲ್ಲಿಡಬೇಕು, ಮರಳಿ ಮೆಟ್ಟಿಲಿಗೆ ಬರಲು ನೋಡಬೇಕು, ಬರಲಾಗದಿದ್ದರೆ ತಡಮಾಡದೆ 911ಕ್ಕೆ ಕರೆ ಮಾಡಬೇಕು. ಆ ಪಟ್ಟಿ ಪೊಟ್ಟಣದಲ್ಲೇ ಉಳಿದಿದ್ದರೆ ಇಂದು ರಾತ್ರಿ ಮನೆಗೆ ಹೋದೊಡನೆ ಅದನ್ನು ಹಾರ್ನೆಸ್‌ಗೆ ಕಟ್ಟಿ. ಯಾವ ಕಾಡು, ಯಾವ ಮರ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂಬುದನ್ನು ಮನೆಯವರಿಗೆ ಹೇಳಿ ಹೋಗಿ. ಹುಡುಕಿ ಬರುವವರಿಗೆ ಮರ ಗೊತ್ತಿರಬೇಕು.

ಅಭ್ಯಾಸಕ್ಕೆ ಆಗಸ್ಟ್ ತಿಂಗಳು ಒಳ್ಳೆಯದು. ಹಿತ್ತಲಿನ ಗಟ್ಟಿ ಮರವೊಂದರಲ್ಲಿ ನೆಲದಿಂದ ಎರಡಡಿ ಎತ್ತರದಲ್ಲಿ ಹಗ್ಗ ಕಟ್ಟಿ, ಮೇಲೆ ಹೇಳಿದ ಕ್ರಮವನ್ನು ಮೊದಲು ಹಗಲಿನಲ್ಲಿ, ಆಮೇಲೆ ನವೆಂಬರ್‌ನ ದಪ್ಪ ಕೋಟು ಮತ್ತು ಕೈಗವಸು ತೊಟ್ಟು, ಕೊನೆಗೆ ರಾತ್ರಿ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಮಾಡಿ. ಕೋಟು ತೊಟ್ಟಾಗ ಸೊಂಟದ ಕ್ಯಾರಬಿನರ್ ಕಣ್ಣಿಗೆ ಕಾಣುವುದೇ ಇಲ್ಲ, ಅದು ಆಗಸ್ಟ್‌ನಲ್ಲೇ ಗೊತ್ತಾಗಲಿ. ಹಾರ್ನೆಸ್ ಮೇಲೆ ತಯಾರಾದ ದಿನಾಂಕವನ್ನು ಹೊಲಿದಿರುತ್ತಾರೆ; ಸಾಮಾನ್ಯವಾಗಿ ಐದು ವರ್ಷವಾದ ಮೇಲೆ ಅದನ್ನು ಬಳಸಬಾರದು. ಅವಧಿ ಮುಗಿದ ಹಾರ್ನೆಸ್ ಅನ್ನು ತಮ್ಮನಿಗೋ ಗೆಳೆಯನಿಗೋ ಕೊಡಬೇಡಿ, ಗ್ಯಾರೇಜಿನ ಮೊಳೆಗೂ ತೂಗುಹಾಕಬೇಡಿ. ಪಟ್ಟಿಗಳನ್ನು ಕತ್ತರಿಸಿ ಕಸಕ್ಕೆ ಹಾಕಿ.